ಭಾವ ಟೈಪ್ ಮಾಡಿದ ಕೊನೆಯ ಅಧ್ಯಾಯ

ಬಿಗಿ ಇದ್ದದ್ದನ್ನು ಸಡಿಲ ಮಾಡುವುದು, ಸಡಿಲ ಇದ್ದದ್ದನ್ನು ಬಿಗಿ ಮಾಡುವುದು, ಉದ್ದ ಕತ್ತರಿಸುವುದು, ಹರಿದ ಜೇಬು ಹೊಲಿದುಕೊಡುವುದು, ಇಷ್ಟೇ ಅವಳ ಕಸುಬು. ಹೊಸ ಬಟ್ಟೆ ಹೊಲಿಯುವ ದೊಡ್ಡ ದರ್ಜಿಗಳು ಬೀದಿಯ ಆ ತುದಿಯಲ್ಲಿದ್ದರು. ಅವರು ಕೆಡಿಸಿದ್ದನ್ನು ಸರಿಮಾಡುವವಳು ಈ ತುದಿಯಲ್ಲಿದ್ದಳು. ಅಂಗಡಿ ಅಂದರೆ ಮೆಟ್ಟಿಲ ಕೆಳಗಿನ ಒಂದಿಷ್ಟು ಜಾಗ, ಅದರಲ್ಲಿ ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಗಿರಾಕಿಗೆ ಕೂರಲು ಒಂದು ಸ್ಟೂಲು. ಎದ್ದು ನಿಂತರೆ ತಲೆಗೆ ಮೆಟ್ಟಿಲು ತಾಗುತ್ತಿತ್ತು. ಹಾಗಾಗಿ ದಿನವೆಲ್ಲ ಕೂತೇ ಇರುತ್ತಿದ್ದಳು, ಕೂತವಳು ಸುಮ್ಮನಿರಲಾರದೆ ಬರೆಯುತ್ತಿದ್ದಳು.

ಬರೆಯುತ್ತಿದ್ದದ್ದು ಅಳತೆ ಪುಸ್ತಕದಲ್ಲೇ. ಹಾಳೆಯ ಮುಂದೆ ಗಿರಾಕಿಯ ಅಳತೆ, ಸೊಂಟ ಇಷ್ಟು, ತೋಳು ಇಷ್ಟು, ಕೊಡಬೇಕಾದ ತಾರೀಖು. ಹಾಳೆಯ ಹಿಂದೆ ಕಾದಂಬರಿ. ನಾಲ್ಕು ವರ್ಷದಲ್ಲಿ ಒಂಬತ್ತು ಪುಸ್ತಕ ತುಂಬಿದವು. 'ಒಳಮಡಿಕೆ' ಅಂತ ಹೆಸರಿಟ್ಟಿದ್ದಳು. ಮುಂದೆಂದಾದರೂ ಬಿಚ್ಚಿ ಸಡಿಲ ಮಾಡಲು ಇರಲಿ ಅಂತ ಬಟ್ಟೆಯನ್ನು ಒಳಗೆ ಮಡಚಿ ಬಿಟ್ಟಿರುತ್ತಾರಲ್ಲ, ಅದು. ಒಬ್ಬ ದರ್ಜಿ ಹೆಂಗಸಿನ ಕತೆ. ಮೂವತ್ತೊಂಬತ್ತು ಅಧ್ಯಾಯ ಸರಾಗವಾಗಿ ಬಂದಿದ್ದವು. ನಲವತ್ತನೆಯದು, ಅಂದರೆ ಕೊನೆಯದು, ಮಾತ್ರ ಕೈಗೆ ಸಿಗದೆ ಆಟ ಆಡಿಸುತ್ತಿತ್ತು.

ಟೈಪ್ ಮಾಡಿಸಬೇಕೆಂದರೆ ಮನೆಯಲ್ಲೇ ಜನ ಇದ್ದರು. ಅಕ್ಕನ ಗಂಡ, ಅಂದರೆ ಭಾವ, ಎರಡು ಬೀದಿ ಆಚೆ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇಟ್ಟಿದ್ದರು. ಅರ್ಜಿ, ಬಾಡಿಗೆ ಕರಾರು, ಕೋರ್ಟು ಕಾಗದ, ಏನೇ ಕೊಡಿ, ಭಾವನ ಬೆರಳು ನಿಲ್ಲುತ್ತಿರಲಿಲ್ಲ. "ಕಣ್ಣು ಕಾಗದದ ಮೇಲೆ, ಕೈ ಕೀಬೋರ್ಡ್ ಮೇಲೆ, ಮನಸ್ಸು ಊಟದ ಮೇಲೆ. ಓದೋದು ನಮ್ಮ ಕೆಲಸ ಅಲ್ಲಮ್ಮ, ಓದಿದ್ರೆ ಕೈ ನಿಧಾನ ಆಗುತ್ತೆ" ಅಂತ ಕೊಚ್ಚಿಕೊಳ್ಳುತ್ತಿದ್ದರು. ಒಮ್ಮೆ ಪಕ್ಕದ ಅಂಗಡಿಯವನು ಒಂದು ದೂರು ಬರೆದು ತಂದು ಟೈಪ್ ಮಾಡಿಸಿಕೊಂಡು ಹೋದ. ಜೆರಾಕ್ಸ್ ಅಂಗಡಿಯವನು ಫುಟ್‌ಪಾತ್ ಮೇಲೆ ಕುರ್ಚಿ ಹಾಕಿ ಜನಕ್ಕೆ ದಾರಿ ಬಿಡುತ್ತಿಲ್ಲ ಅನ್ನುವುದು ದೂರು. ಭಾವ ತನ್ನ ಮೇಲಿನ ದೂರನ್ನು ತಾನೇ ಅಂದವಾಗಿ ಟೈಪ್ ಮಾಡಿ, ಮೂರು ಪ್ರತಿ ತೆಗೆದು, ಪಿನ್ ಹೊಡೆದು ಕೊಟ್ಟಿದ್ದರು. ನೋಟಿಸ್ ಬಂದ ದಿನ ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ, ಟೈಪ್ ಆದದ್ದನ್ನೆಲ್ಲ ಓದಿ ತಪ್ಪು ತಿದ್ದುವ ಕೆಲಸ ಅಕ್ಕನ ಪಾಲಿಗೆ ಬಂತು. ಅಕ್ಕ ಕೆಂಪು ಪೆನ್ಸಿಲ್ ಹಿಡಿದು ಅಂಗಡಿಯ ಮೂಲೆ ಮೇಜಿಗೆ ಬಂದು ಕೂತಳು.

ತಂಗಿ ತನ್ನ ಒಂಬತ್ತು ಪುಸ್ತಕವನ್ನೂ ಚೀಲಕ್ಕೆ ಹಾಕಿ ಭಾವನ ಕೈಗೆ ಕೊಟ್ಟಳು. ವರ್ಷವಾಯಿತು. ಕೇಳಿದಾಗಲೆಲ್ಲ "ಆಗ್ತಾ ಇದೆ, ಆಗ್ತಾ ಇದೆ" ಅನ್ನುವ ಉತ್ತರ.

ಏನು ಆಗುತ್ತಿತ್ತು ಅನ್ನುವುದನ್ನು ತಿಳಿಸಿದವರು ಲೈಬ್ರರಿ ಮೇಡಂ. ಬೀದಿ ಕೊನೆಯ ಗ್ರಂಥಾಲಯದಲ್ಲಿ ಕೆಲಸ ಮಾಡುವ ಈ ಮೇಡಂ, ವರ್ಷಕ್ಕೆರಡು ಸಲ ಇದ್ದಬದ್ದ ಬಟ್ಟೆಯನ್ನೆಲ್ಲ ಸಡಿಲ ಮಾಡಿಸಲು ತರುವ ಹಳೇ ಗಿರಾಕಿ. ಒಂದು ಬೆಳಿಗ್ಗೆ ಸ್ಟೂಲಿನ ಮೇಲೆ ಕೂತು ಮೊಬೈಲಿನಲ್ಲಿ ಮುಳುಗಿಹೋಗಿದ್ದರು.

"ನೀವು ಇದನ್ನ ಓದ್ಲೇಬೇಕು. ನಿಮ್ಮ ಥರಾನೇ ಒಬ್ಬ ದರ್ಜಿ ಹೆಂಗಸಿನ ಕತೆ. ವಾರಕ್ಕೊಂದು ಅಧ್ಯಾಯ ಬರುತ್ತೆ, ಗುರುವಾರ ಅಂದ್ರೆ ಕಾಯ್ತಾ ಕೂತಿರ್ತೀನಿ. ಇದೊಂದು ಸಾಲು ಕೇಳಿ, 'ಗಂಡಸರ ಜೇಬು ಹರಿಯುವುದು ಕೈ ತುರುಕಿ ತುರುಕಿ...'"

"'...ಹೆಂಗಸರ ಜೇಬು ಹರಿಯುವುದೇ ಇಲ್ಲ, ಯಾಕೆಂದರೆ ಅವರ ಬಟ್ಟೆಗೆ ಯಾರೂ ಜೇಬು ಇಟ್ಟಿರುವುದಿಲ್ಲ'" ಅಂದಳು ಅವಳು, ಯಂತ್ರ ನಿಲ್ಲಿಸಿ.

"ಅಯ್ಯೋ, ಆಗಲೇ ಓದಿದ್ದೀರಾ!"

"ಬರೆದಿದ್ದೀನಿ."

ಮೇಡಂ ನಗಲು ಹೋದವರು ಅವಳ ಮುಖ ನೋಡಿ ಮೊಬೈಲನ್ನು ಅವಳ ಕೈಗೆ ಕೊಟ್ಟರು. ಮೇಲೆ 'ಒಳಮಡಿಕೆ' ಅನ್ನುವ ಹೆಸರು, ಕೆಳಗೆ ಭಾವನ ಹೆಸರು, ಪಕ್ಕದಲ್ಲಿ ಗಲ್ಲಕ್ಕೆ ಕೈಕೊಟ್ಟು ಆಕಾಶ ನೋಡುತ್ತಿರುವ ಭಾವನ ಫೋಟೋ. ಮೂವತ್ತೆಂಟು ಅಧ್ಯಾಯ ಬಂದಾಗಿತ್ತು. ಕೆಳಗೆ ಸಾವಿರಾರು ಜನ ಹೊಗಳಿ ಬರೆದಿದ್ದರು. 'ಹೆಣ್ಣಿನ ಮನಸ್ಸು ನಿಮಗೆ ಹೇಗೆ ಇಷ್ಟು ಚೆನ್ನಾಗಿ ಗೊತ್ತು ಸರ್' ಅಂತ ಒಬ್ಬಳು ಕೇಳಿದ್ದಳು. ಭಾವ ಅದಕ್ಕೆ ಕೈಮುಗಿಯುವ ಚಿತ್ರ ಹಾಕಿದ್ದರು. ಅವಳ ಮೈಯೆಲ್ಲ ಉರಿದುಹೋಯಿತು. ಆ ಕ್ಷಣದಿಂದ ಅವಳ ಮನಸ್ಸಿನಲ್ಲಿ ಭಾವ 'ಅವರು' ಹೋಗಿ 'ಅವನು' ಆದ.

ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಆರಿಸಿ ಸೀದಾ ಹೋದಳು. ಭಾವ ಯಾರದೋ ಅರ್ಜಿ ಟೈಪ್ ಮಾಡುತ್ತಿದ್ದ. ಅಕ್ಕ ಮೂಲೆಯಲ್ಲಿ ತಲೆ ತಗ್ಗಿಸಿ ಪೆನ್ಸಿಲ್ ಆಡಿಸುತ್ತಿದ್ದಳು.

"ಭಾವ, ನನ್ನ ಪುಸ್ತಕಗಳು ಕೊಡಿ."

"ಓ, ಗೊತ್ತಾಯ್ತಾ?" ಬೆರಳು ನಿಲ್ಲಲಿಲ್ಲ. "ನಾನೇ ಹೇಳೋಣ ಅಂತಿದ್ದೆ. ನೋಡಮ್ಮ, ನಿನ್ನ ಹೆಸರಲ್ಲಿ ಹಾಕಿದ್ರೆ ಯಾರು ಓದ್ತಾರೆ? ಪ್ಯಾಂಟ್ ಉದ್ದ ಕತ್ತರಿಸೋಳು ಕಾದಂಬರಿ ಬರೆದ್ಲು ಅಂದ್ರೆ ಜನ ನಗ್ತಾರೆ. ನನ್ನ ಹೆಸರಿಗೆ ಒಂದು ತೂಕ ಇದೆ. ಎಲ್ಲಾ ಒಂದೇ ಮನೇದು ತಾನೆ?"

"ಪುಸ್ತಕ ಕೊಡಿ ಅಂದೆ."

"ಅವೆಲ್ಲಿ ಈಗ? ಟೈಪ್ ಆದ್ಮೇಲೆ ಕಾಗದ ಯಾರು ಇಟ್ಕೋತಾರೆ, ರದ್ದಿಗೆ ಹಾಕ್ಬಿಟ್ಟೆ."

ನಾಲ್ಕು ವರ್ಷ. ಒಂಬತ್ತು ಪುಸ್ತಕ. ರದ್ದಿಗೆ. ಅವಳು ಅಕ್ಕನ ಕಡೆ ನೋಡಿದಳು. ಅಕ್ಕ ತಲೆ ಎತ್ತಲಿಲ್ಲ, ಅರ್ಜಿಯ ಮೇಲೆ ಪೆನ್ಸಿಲ್ ಮಾತ್ರ ಇನ್ನಷ್ಟು ಜೋರಾಗಿ ಓಡಿತು.

"ಬಂದಿದ್ದೂ ಒಳ್ಳೇದೇ ಆಯ್ತು. ಕೊನೇ ಅಧ್ಯಾಯ ಸಿಗಲಿಲ್ಲವಲ್ಲ ನಿನ್ನ ಪುಸ್ತಕದಲ್ಲಿ" ಅಂದ ಭಾವ, ಕಿಂಚಿತ್ತೂ ನಾಚಿಕೆ ಇಲ್ಲದೆ. "ಎರಡು ವಾರದಲ್ಲಿ ಬೇಕು. ಸನ್ಮಾನ ಬೇರೆ ಇಟ್ಕೊಂಡಿದ್ದಾರೆ. ಬರೆದುಕೊಡು. ಕೊನೇಲಿ ಸಹಾಯಕ್ಕೆ ವಂದನೆ ಅಂತ ನಿನ್ನ ಹೆಸರು ಹಾಕ್ಸೋಣ."

ಅವಳು ಸೀದಾ ಹೊರಗೆ ಬಂದಳು. ಅಂದು ಮೂರು ಜನರ ಪ್ಯಾಂಟು ಒಂದೊಂದು ಇಂಚು ಗಿಡ್ಡವಾದವು.

ಮರುದಿನ ಲೈಬ್ರರಿ ಮೇಡಂ ತಾವಾಗಿಯೇ ಬಂದರು. ಬಟ್ಟೆ ತಂದಿರಲಿಲ್ಲ, ಸಿಟ್ಟು ತಂದಿದ್ದರು. ಭಾವ ಹೇಳಿದ್ದನ್ನೆಲ್ಲ ಅವಳ ಬಾಯಿಂದ ಕೇಳಿದರು.

"ಕೊನೇ ಅಧ್ಯಾಯ ನಿಮ್ಮ ಕೈಯಲ್ಲೇ ಇದೆ ತಾನೆ? ನೀವೇ ನಿಮ್ಮ ಹೆಸರಲ್ಲಿ ಹಾಕಿ. ಎಲ್ಲಿ ಹಾಕೋದು ಅಂತ ನೋಡೋಣ."

ಇಬ್ಬರೂ ತಲೆಗೆ ತಲೆ ತಾಗಿಸಿ ಮೊಬೈಲು ನೋಡಿದರು. ಪ್ರಕಟಿಸುವ ಜಾಗ ಮೂರು ಬಗೆಯವು ಅಂತ ಅವಳಿಗೆ ಅರ್ಥವಾಯಿತು, ಮೂರಕ್ಕೂ ಅವಳೇ ಅಡ್ಡಹೆಸರು ಇಟ್ಟಳು. ಭಾವ ಕೂತಿದ್ದದ್ದು ದೊಡ್ಡಂಗಡಿ. ಲಕ್ಷಾಂತರ ಓದುಗರು, ಬಹುಮಾನ, ಸನ್ಮಾನ. ಆದರೆ ಅಲ್ಲಿ ಹಾಕಿದ್ದನ್ನು ಬೇರೆಲ್ಲೂ ಹಾಕುವಂತಿಲ್ಲ. ಇನ್ನೊಂದು ನಿಯಮವೂ ಇತ್ತು. ಯಾರೋ ಲೇಖಕ ಓದುಗರ ಬೈಗುಳಕ್ಕೆ ಹೆದರಿ ರಾತ್ರೋರಾತ್ರಿ ಕತೆಯ ಕೊನೆ ಬದಲಾಯಿಸಿಬಿಟ್ಟಿದ್ದನಂತೆ. ಅಲ್ಲಿಂದಾಚೆ, ಒಮ್ಮೆ ಹಾಕಿದ ಅಧ್ಯಾಯವನ್ನು ಏಳು ದಿನ ಮುಟ್ಟುವಂತಿಲ್ಲ, ತೆಗೆಯುವಂತಿಲ್ಲ. ಎರಡನೆಯದು ಗೂಡಂಗಡಿ. ಹಕ್ಕೆಲ್ಲ ಬರೆದವರದೇ, ಕರಾರು ಕಿರಿಕಿರಿ ಯಾವುದೂ ಇಲ್ಲ. ಆದರೆ ಓದುವವರನ್ನು ಕೈಬೆರಳಲ್ಲಿ ಎಣಿಸಬಹುದು. ಮೂರನೆಯದು ಸ್ವಂತ ಜಗಲಿ, ಅಂದರೆ ತನ್ನದೇ ಪುಟ ಕಟ್ಟಿಕೊಂಡು ದಾರಿಯಲ್ಲಿ ಹೋಗುವವರನ್ನು ತಾನೇ ಕೈಹಿಡಿದು ಕರೆಯುವುದು.

"ದೊಡ್ಡಂಗಡಿಗೇ ದೂರು ಕೊಟ್ರೆ?" ಅಂದಳು.

"ಸಾಕ್ಷಿ ಕೇಳ್ತಾರೆ."

"ರದ್ದಿಗೆ ಹೋಯ್ತಲ್ಲ ಸಾಕ್ಷಿ."

"ಹಾಗಾದ್ರೆ ಗೂಡಂಗಡೀಲಿ ಹಾಕಿ."

"ಹಾಕಿದ್ರೆ ಏನಂತಾರೆ ಗೊತ್ತಾ? ದೊಡ್ಡ ಲೇಖಕರ ಕತೆಗೆ ಇವಳ್ಯಾರೋ ಬಾಲ ಅಂಟಿಸೋಕೆ ಬಂದ್ಲು ಅಂತಾರೆ. ಕಳ್ಳಿ ನಾನೇ ಆಗ್ತೀನಿ."

ಮೇಡಂಗೂ ಅದು ನಿಜ ಅನ್ನಿಸಿತು. ಆದರೂ ಗೂಡಂಗಡಿಯಲ್ಲಿ ಅವಳ ಹೆಸರಿಗೆ ಒಂದು ಖಾತೆ ತೆರೆದುಕೊಟ್ಟು ಹೋದರು. ಬರೀ ಹೆಸರು, ಕೆಳಗೆ ಖಾಲಿ ಪುಟ.

ಆ ಖಾಲಿ ಪುಟವನ್ನು ನೋಡುತ್ತ ನೋಡುತ್ತ ಅವಳಿಗೆ ನಾಲ್ಕನೆಯ ಜಾಗ ಕಾಣಿಸಿತು. ತನ್ನ ಓದುಗರೆಲ್ಲ ಎಲ್ಲಿದ್ದಾರೆ? ಭಾವನ ಹೆಸರಿನ ಕೆಳಗೆ. ನಲವತ್ತನೆಯದಕ್ಕೆ ಬಾಯಿ ಬಿಟ್ಟುಕೊಂಡು ಕಾಯುತ್ತಿರುವುದು ಎಲ್ಲಿ? ಅಲ್ಲೇ. ಏಳು ದಿನ ಯಾರೂ ಅಳಿಸಲಾಗದ ಗೋಡೆ ಯಾವುದು? ಅದೇ. ಇನ್ನು ಅದರ ಬಾಗಿಲು ಕಾಯುವವನು ಯಾರು? ತನ್ನ ಮೇಲಿನ ದೂರನ್ನು ತಾನೇ ಟೈಪ್ ಮಾಡಿ ಪಿನ್ ಹೊಡೆದು ಕೊಟ್ಟ ಮಹಾನುಭಾವ. ಅವಳು ಒಬ್ಬಳೇ ಕೂತು ಜೋರಾಗಿ ನಕ್ಕಳು. ವರ್ಷದಿಂದ ಅಷ್ಟು ಹಾಯಾಗಿ ನಕ್ಕಿರಲಿಲ್ಲ.

ಹತ್ತನೆಯ ಅಳತೆ ಪುಸ್ತಕ ತೆಗೆದಳು. ಮೊದಲ ಎರಡು ಪುಟ ಕತೆಯದೇ, ದರ್ಜಿ ಹೆಂಗಸು ಅಂಗಡಿ ಬಾಗಿಲು ತೆಗೆಯುತ್ತಾಳೆ, ಯಂತ್ರಕ್ಕೆ ಎಣ್ಣೆ ಬಿಡುತ್ತಾಳೆ. ಮೂರನೆಯ ಪುಟದಿಂದ ಮಾತು ಭಾವನದಾಯಿತು. 'ಈ ಕತೆ ಬರೆದವನು ನಾನಲ್ಲ. ನಾನು ಟೈಪ್ ಮಾಡುವವನು. ಈ ಸಾಲನ್ನೂ ಓದದೆ ಟೈಪ್ ಮಾಡುತ್ತಿದ್ದೇನೆ.' ಎಷ್ಟು ಪುಸ್ತಕ ಕೊಟ್ಟಳು, ಯಾವಾಗ ಕೊಟ್ಟಳು, ರದ್ದಿಗೆ ಹಾಕಿದೆ ಅಂತ ಹೇಗೆ ಹೇಳಿದ, ಎಲ್ಲ ಒಂದೂ ಬಿಡದೆ ಬರೆದಳು. ಬರೆಯುವಾಗ ಒಂದೊಂದು ಸಾಲಿಗೂ ಹಲ್ಲು ಕಡಿದಳು, ಒಂದೊಂದು ಸಾಲೂ ರುಚಿಯಾಗಿತ್ತು.

ಒಂದು ಕಡೆ ಮಾತ್ರ ಕೈ ನಿಂತಿತು. ಟೈಪ್ ಮಾಡುವವನು ಓದುವುದಿಲ್ಲ, ಸರಿ. ತಿದ್ದುವವಳು ಓದುತ್ತಾಳೆ. ಅಕ್ಕ ಓದಿ, ಗಂಡನ ಮಾನ ಮುಖ್ಯ ಅಂತ ಹಾಳೆ ಹರಿದುಹಾಕಿದರೆ ಎಲ್ಲ ಮುಗಿಯಿತು. ಹರಿಯಲಿ ಬಿಡು, ಆಗ ಅಕ್ಕ ಯಾರ ಕಡೆ ಅನ್ನುವುದಾದರೂ ಗೊತ್ತಾಗುತ್ತದೆ ಅಂದುಕೊಂಡಳು. ಆದರೂ ಸಣ್ಣವಳಿದ್ದಾಗ ತನ್ನ ಕೈ ಹಿಡಿದು ಅಕ್ಷರ ತೀಡಿಸಿದವಳು ಅವಳೇ. ಊರೆಲ್ಲ ಅಕ್ಕನಿಗೂ ಉಗಿಯುವುದು ಬೇಡ ಅನ್ನಿಸಿತು. ಕೊನೆಯಲ್ಲಿ ಸೇರಿಸಿದಳು, 'ನನ್ನ ಹೆಂಡತಿಗೆ ಇದೇನೂ ಗೊತ್ತಿಲ್ಲ. ಅವಳನ್ನು ಯಾರೂ ಏನೂ ಅನ್ನಬೇಡಿ.'

ಮೂವತ್ತೊಂಬತ್ತನೆಯದು ಬಂದ ಮರುದಿನ ಭಾವನೇ ಬಂದ, ಮಾತಿಗೆ ಬೆಣ್ಣೆ ಹಚ್ಚಿಕೊಂಡು, ಸನ್ಮಾನಕ್ಕೆ ಹಾಕುವ ಕೋಟನ್ನು ಕೈಯಲ್ಲಿ ಹಿಡಿದುಕೊಂಡು.

"ಹೊಟ್ಟೆ ಹತ್ರ ಬಿಗಿ ಆಗಿದೆ. ಒಂದಿಂಚು ಬಿಡ್ತೀಯಾ? ಹಾಗೇ ಆ ಅಧ್ಯಾಯ..."

"ಎರಡೂ ಮಾಡ್ಕೊಡ್ತೀನಿ ಭಾವ. ಗುರುವಾರ ಬೆಳಿಗ್ಗೆ ನಾನೇ ತರ್ತೀನಿ."

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳು ಅಳತೆ ಪುಸ್ತಕ ತೆರೆದು ಭಾವನ ಎದುರಿನ ಕ್ಲಿಪ್ಪಿಗೆ ಸಿಕ್ಕಿಸಿದಳು.

"ಕೋಟು ಆಯ್ತಾ?" ಭಾವನ ಬೆರಳು ಆಗಲೇ ಓಡತೊಡಗಿತ್ತು.

"ಇಸ್ತ್ರಿ ಬಾಕಿ."

"ಗುಂಡಿ ಒಂದು ಸಡಿಲ ಇದೆ, ನೋಡ್ಕೋ. ಭಾಷಣಕ್ಕೆ ನಿಂತಾಗ ಬಿದ್ದುಹೋದ್ರೆ ಮರ್ಯಾದೆ ಹೋಗುತ್ತೆ."

"ಮರ್ಯಾದೆ ಹೋಗಬಾರದು ಭಾವ" ಅಂದಳು ಅವಳು. ಭಾವನ ಬೆರಳು ಆ ಹೊತ್ತಿಗೆ 'ಈ ಕತೆ ಬರೆದವನು ನಾನಲ್ಲ' ಅನ್ನುತ್ತಿತ್ತು. ಬಾಯಿ, ಭಾಷಣ ಹೇಗೆ ಶುರು ಮಾಡಲಿ ಅಂತ ಕೇಳುತ್ತಿತ್ತು. ಪರದೆಯ ಮೇಲೆ ಸಾಲು ಸಾಲಾಗಿ ಅವನ ಕಳ್ಳತನ ಇಳಿಯುತ್ತಿತ್ತು, ಕಣ್ಣು ಅಕ್ಷರದಿಂದ ಅಕ್ಷರಕ್ಕೆ ಜಿಗಿಯುತ್ತಿತ್ತು, ತಲೆಗೆ ಏನೂ ಹೋಗುತ್ತಿರಲಿಲ್ಲ. 'ರದ್ದಿಗೆ' ಅನ್ನುವಲ್ಲಿ ಒಮ್ಮೆ ಬೆರಳು ನಿಂತಿತು. ಅವಳ ಉಸಿರೂ ನಿಂತಿತು.

"ಇದೇನು, ರ ಅಕ್ಷರಾನಾ? ಅಕ್ಷರ ಸ್ವಲ್ಪ ಬಿಡಿಸಿ ಬರಿಯಮ್ಮ" ಅಂದು ಮುಂದೆ ಹೋದ.

ಮುಗಿದ ಮೇಲೆ ಪ್ರತಿ ತೆಗೆದು ಅಕ್ಕನ ಮೇಜಿನ ಮೇಲೆ ಒಗೆದ. "ತಪ್ಪಿದ್ರೆ ತಿದ್ದಿ ಹಾಕ್ಬಿಡು. ಹನ್ನೊಂದಕ್ಕೆ ಜನ ಕಾಯ್ತಿರ್ತಾರೆ. ನಾನು ಕ್ಷೌರ ಮಾಡಿಸ್ಕೊಂಡು ಬರ್ತೀನಿ." ಹೊರಟೇಹೋದ.

ಅಕ್ಕ ಪೆನ್ಸಿಲ್ ಹಿಡಿದಳು. ಮೊದಲ ಪುಟ, ಎರಡನೆಯ ಪುಟ, ಅಲ್ಲಲ್ಲಿ ಒಂದೊಂದು ಕೆಂಪು ಗೆರೆ. ಮೂರನೆಯ ಪುಟಕ್ಕೆ ಬಂದಾಗ ಪೆನ್ಸಿಲ್ ನಿಂತಿತು. ಕೊನೆಯವರೆಗೆ ಓದಿದಳು. ಆಮೇಲೆ ಮತ್ತೆ ಮೊದಲಿಂದ ಓದಿದಳು. ಜೆರಾಕ್ಸ್ ಯಂತ್ರ ಗುಂಯ್ ಅನ್ನುವುದು ಬಿಟ್ಟರೆ ಅಂಗಡಿಯಲ್ಲಿ ಸದ್ದಿರಲಿಲ್ಲ. ತಲೆ ಎತ್ತಿದಾಗ ಅಕ್ಕನ ಮುಖದಲ್ಲಿ ಏನಿದೆ ಅಂತ ತಂಗಿಗೆ ಗೊತ್ತಾಗಲಿಲ್ಲ.

"ನೀನು ಹೊರಡು. ಅಂಗಡಿ ತೆಗೆಯೋ ಹೊತ್ತಾಯ್ತು" ಅಂದಳು ಅಕ್ಕ.

ತಂಗಿ ತನ್ನ ಅಂಗಡಿಗೆ ಬಂದು ಕೋಟಿಗೆ ಇಸ್ತ್ರಿ ಹಾಕುತ್ತ ಕೂತಳು. ಹನ್ನೊಂದು ಆಯಿತು. ಹನ್ನೊಂದೂಕಾಲು ಆಯಿತು. ಹರಿದುಹಾಕಿರುತ್ತಾಳೆ, ರಕ್ತಕ್ಕಿಂತ ತಾಳಿ... ಥೂ, ಎಂಥ ಮಾತು ಬರ್ತಿದೆ ಮನಸ್ಸಿಗೆ ಅಂತ ತನಗೆ ತಾನೇ ಬೈದುಕೊಂಡಳು. ಅಷ್ಟರಲ್ಲಿ ಲೈಬ್ರರಿ ಮೇಡಂ ಏದುಸಿರು ಬಿಡುತ್ತ ಬಂದರು.

"ಬಂತು! ಪೂರ್ತಿ ಬಂತು! ನೋಡಿ ಇಲ್ಲಿ! ಮೊದಲು ಜನ ಇದೂ ಕತೇನೇ ಅಂದುಕೊಂಡಿದ್ರು, 'ಎಂಥಾ ಹೊಸ ರೀತಿ ಸರ್' ಅಂತ ಚಪ್ಪಾಳೆ ಹೊಡೀತಿದ್ರು. ಆಮೇಲೆ ಕೆಳಗಿನ ಫೋಟೋ ನೋಡಿದ್ರು!"

"ಯಾವ ಫೋಟೋ?"

ಮೇಡಂ ಪರದೆ ಸರಿಸಿದರು. ಅಳತೆ ಪುಸ್ತಕದ ಒಂದು ಹಾಳೆ, ಹಿಂದೆ ಮತ್ತು ಮುಂದೆ. ಹಿಂದೆ ಅವಳ ಕೈಬರಹದಲ್ಲಿ ಮೊದಲ ಅಧ್ಯಾಯ. ಮುಂದೆ ನಾಲ್ಕು ವರ್ಷದ ಹಿಂದಿನ ತಾರೀಖು, ಒಂದು ಅಳತೆ, ಮೇಲೆ 'ಲೈಬ್ರರಿ ಮೇಡಂ' ಅಂತ.

"ನನ್ನ ಅಳತೆ! ನಾನೇ ಸಾಕ್ಷಿ ಅಂತ ಕೆಳಗೆ ಬರೆದುಬಿಟ್ಟೆ. ನನ್ನ ಸೊಂಟ ಎಷ್ಟು ಅಂತ ಈಗ ಲೋಕಕ್ಕೆಲ್ಲ ಗೊತ್ತಾಯ್ತು, ಹೋಗಲಿ ಬಿಡಿ!"

ರದ್ದಿಗೆ ಹೋದ ಪುಸ್ತಕ ಅಲ್ಲಿ ಹೇಗೆ ಬಂತು? ಅವಳು ಮೊಬೈಲು ಕಸಿದುಕೊಂಡು ಕೊನೆಯ ಸಾಲಿಗೆ ಹೋದಳು. ಅವಳು ಬರೆದ ಸಾಲು ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಹೀಗಿತ್ತು. 'ನನ್ನ ಹೆಂಡತಿಗೆ ಎಲ್ಲ ಗೊತ್ತಿತ್ತು. ವಾರವಾರವೂ ಸಣ್ಣ ತಪ್ಪುಗಳನ್ನೆಲ್ಲ ತಿದ್ದಿದಳು. ದೊಡ್ಡದನ್ನು ಬಿಟ್ಟಳು.'

ಎರಡು ಸಲ ಓದಿದಳು. ಮೂರನೆಯ ಸಲ ಓದುವಷ್ಟರಲ್ಲಿ ಭಾವ ನುಗ್ಗಿದ. ಅರ್ಧ ಮುಖಕ್ಕೆ ಇನ್ನೂ ಸೋಪಿನ ನೊರೆ ಅಂಟಿಕೊಂಡಿತ್ತು. ಕ್ಷೌರದಂಗಡಿಯಲ್ಲಿ ಯಾರೋ ಗಟ್ಟಿಯಾಗಿ ಓದಿ ಹೇಳಿದ್ದರು.

"ಏನೇ ಮಾಡಿದೆ ನೀನು! ತೆಗೆಯೋಕಾಗ್ತಿಲ್ಲ! ಏಳು ದಿನ ಆಗಲ್ಲವಂತೆ!"

"ನಾನೇನು ಮಾಡಿದೆ ಭಾವ? ಟೈಪ್ ಮಾಡಿದ್ದು ನೀವು." ಅವಳು ಕೋಟನ್ನು ಮಡಚಿ ಅವನ ಕೈಗಿಟ್ಟಳು. "ಒಂದಿಂಚು ಬಿಟ್ಟಿದ್ದೀನಿ. ಗುಂಡೀನೂ ಗಟ್ಟಿ ಮಾಡಿದ್ದೀನಿ. ಹಾಕ್ಕೊಂಡು ನೋಡಿ."

ಭಾವ ಹೊರಕ್ಕೆ ತಿರುಗಿದ. ಬೀದಿಯಲ್ಲಿ ಇಬ್ಬರು ಮೊಬೈಲು ನೋಡಿ ಇವನನ್ನು ನೋಡಿದರು. ಕೋಟು ಹಿಡಿದುಕೊಂಡು ಗೋಡೆ ಪಕ್ಕದಲ್ಲೇ ಸರಿದು ಹೋದ. ಎರಡು ವಾರದ ಅವಳ ಉರಿ ತಣ್ಣಗಾಯಿತು. ಅಯ್ಯೋ ಪಾಪ ಅಂತ ಒಂದು ಕ್ಷಣವೂ ಅನ್ನಿಸಲಿಲ್ಲ.

ಮಧ್ಯಾಹ್ನ ಅಕ್ಕ ಬಂದಳು. ಕೈಯಲ್ಲಿ ಅದೇ ಚೀಲ. ಸ್ಟೂಲಿನ ಮೇಲೆ ಕೂತು ಒಂಬತ್ತು ಪುಸ್ತಕವನ್ನೂ ಇಸ್ತ್ರಿ ಮೇಜಿನ ಮೇಲೆ ಜೋಡಿಸಿದಳು.

"ರದ್ದಿಯವನ ಗಾಡಿಯಿಂದ ವಾಪಸ್ ತಗೊಂಡೆ. ಅಕ್ಕಿ ಡಬ್ಬಿ ಹಿಂದೆ ಇಟ್ಟಿದ್ದೆ."

"ವರ್ಷದಿಂದ ಇದನ್ನಿಟ್ಕೊಂಡು ಬಾಯಿ ಮುಚ್ಕೊಂಡು ಕೂತಿದ್ದೆಯಾ?"

"ಈ ವಾರ ಹೇಳೋಣ ಅಂದ್ಕೋತಿದ್ದೆ, ಆ ವಾರ ಹೇಳೋಣ ಅಂದ್ಕೋತಿದ್ದೆ. ಅವರು ಅಷ್ಟು ಖುಷಿಯಾಗಿದ್ದನ್ನ ನಾನು ನೋಡೇ ಇರಲಿಲ್ಲ. ಆಮೇಲೆ ನಿನಗೆ ತೋರಿಸೋಕೆ ಮುಖಾನೇ ಉಳೀಲಿಲ್ಲ."

"ನಿನ್ನ ಹೆಸರು ತಪ್ಪಿಸಿ ಬರೆದಿದ್ದೆ ನಾನು."

"ಆ ಸಾಲು ಸುಳ್ಳಿತ್ತು. ತಿದ್ದಿದೆ."

ಭಾವನ ಮೇಲಿನ ಸಿಟ್ಟು ಬೆಳಿಗ್ಗೆಯೇ ತೀರಿತ್ತು. ಅಕ್ಕನ ಮೇಲಿನದು ಈಗ ಶುರುವಾಯಿತು, ಇದು ಬೇಗ ತೀರುವ ಜಾತಿಯದಲ್ಲ ಅಂತ ಅವಳಿಗೆ ಗೊತ್ತಿತ್ತು. ಮೊಬೈಲು ತೆಗೆದು ಗೂಡಂಗಡಿಯ ಖಾಲಿ ಪುಟ ತೆರೆದಳು. ತನ್ನ ಹೆಸರಿನ ಕೆಳಗೆ 'ಒಳಮಡಿಕೆ' ಅಂತ ಎರಡು ಬೆರಳಿನಲ್ಲಿ ನಿಧಾನವಾಗಿ ಒತ್ತಿದಳು.

"ಮೊದಲನೇ ಪುಟದಿಂದ ಓದು. ಗಟ್ಟಿಯಾಗಿ. ನಾನು ಟೈಪ್ ಮಾಡ್ತೀನಿ. ಮೂವತ್ತೊಂಬತ್ತೂ ನೀನೇ ಓದಬೇಕು, ದಿನಾ ಬಂದು, ಈ ಸ್ಟೂಲಿನ ಮೇಲೆ ಕೂತು."

"ನಲವತ್ತನೇದು?"

"ಅದು ಹೇಗೆ ಮುಗಿಯುತ್ತೆ ಅಂತ ಇವತ್ತು ಗೊತ್ತಾಯ್ತು. ಅದರಲ್ಲಿ ನೀನಿರ್ತೀಯ."

ಅಕ್ಕ ರವಿಕೆಯ ಸಂದಿಯಿಂದ ಕೆಂಪು ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟು ತಂಗಿಯ ಕಡೆ ತಳ್ಳಿದಳು.

"ಬರಿ. ಅದನ್ನ ತಿದ್ದಲ್ಲ" ಅಂದಳು.

ಆಮೇಲೆ ಕನ್ನಡಕ ಒರೆಸಿಕೊಂಡು, ಮೊದಲನೆಯ ಪುಸ್ತಕ ತೆರೆದು, ಓದಲು ಶುರುಮಾಡಿದಳು.